ಡೌಲು, ಶೋಕಿ, ಲಕ್ಷ್ಮೀ ಕಳೆ: ಮೈತುಂಬ ಒಡವೆ ಹಾಕಿಕೊಂಡವರಿಗೆ ನಿಮ್ಮ ಕಡೆ ಏನಂತಾರೆ?

ಕೆರೆ ಏರಿ

ಎಲ್ಲರಿಗೂ ನಮಸ್ಕಾರ. ನಾನು ಮದ್ದೂರು ತಾಲ್ಲೂಕಿನ ಹಳ್ಳಿಯವಳು. ಈಗ ಮೈಸೂರಿನಲ್ಲಿ ಟೀಚರ್ ಆಗಿದ್ದೇನೆ.

ಹೋದ ಭಾನುವಾರ ಊರಲ್ಲಿ ಬೀಗರ ಊಟ ಇತ್ತು. ನಮ್ಮ ಅತ್ತಿಗೆ, ಅಂದರೆ ಚಿಕ್ಕಪ್ಪನ ಮಗನ ಹೆಂಡತಿ, ಅವತ್ತು ತಮ್ಮ ಹತ್ತಿರ ಇದ್ದ ಒಡವೆಯನ್ನೆಲ್ಲ ಹಾಕಿಕೊಂಡಿದ್ದರು. ಅಡ್ಡಿಕೆ, ಕಾಸಿನ ಸರ, ಬಳೆ, ಜುಮುಕಿ, ಮಾಟಿ. ಪಂಕ್ತಿಯಲ್ಲಿ ನನ್ನ ಹಿಂದೆ ಕೂತಿದ್ದ ಹೆಂಗಸೊಬ್ಬರು "ಏನ್ ಡೌಲು ನೋಡವ್ವ, ಒಡವೆ ಅಂಗಡೀನೇ ಎದ್ದು ಬಂದಂಗದೆ" ಅಂದರು. ಸುತ್ತ ಇದ್ದವರು ನಕ್ಕರು. ಅರ್ಧ ಗಂಟೆ ಆಗಿರಲಿಲ್ಲ, ಊರಿನ ದೊಡ್ಡ ಜಮೀನಿನ ಮನೆಯ ಸೊಸೆ ಬಂದರು. ಅತ್ತಿಗೆ ಹಾಕಿದ್ದರ ಎರಡರಷ್ಟು ಚಿನ್ನ ಅವರ ಮೈಮೇಲೆ. ಸೊಂಟಕ್ಕೆ ಡಾಬು ಬೇರೆ. ಅದೇ ಹೆಂಗಸು, ಅದೇ ಬಾಯಲ್ಲಿ, "ಲಕ್ಷ್ಮೀ ಕಳೆ ಅಂದ್ರೆ ಇದು" ಅಂದರು.

ಅವತ್ತಿನಿಂದ ಈ ಎರಡು ಮಾತು ನನ್ನ ತಲೆಯಿಂದ ಹೋಗುತ್ತಿಲ್ಲ. ಒಡವೆ ಒಂದೇ, ಪದ ಮಾತ್ರ ಬೇರೆ ಯಾಕಾಯಿತು? ಅದಕ್ಕೇ ಒಂದು ನೋಟ್‌ಬುಕ್ ಶುರು ಮಾಡಿದ್ದೇನೆ. ಚಿನ್ನ, ದುಡ್ಡು, ಕಾರು, ಮದುವೆ ಚಪ್ಪರ, ಯಾವುದನ್ನೇ ಆಗಲಿ ತೋರಿಸಿಕೊಂಡು ಓಡಾಡುವವರಿಗೆ ಮಂಡ್ಯ, ಮೈಸೂರು ಕಡೆ ಏನೇನು ಪದ ಇದೆ? ಪದದ ಜೊತೆ ಇನ್ನೊಂದು ವಿಷಯವನ್ನೂ ಬರೆಯಿರಿ. ಅದನ್ನು ಯಾರು, ಯಾರ ಬಗ್ಗೆ ಹೇಳುತ್ತಾರೆ? ನನಗೆ ಬೇಕಾಗಿರುವುದು ಅದೇ.

ಮಳವಳ್ಳಿ ಹೈದ

ಅಕ್ಕ, ನಮ್ಮ ಕಡೆ ಇದಕ್ಕೆ ಮಟ್ಟ ಇದೆ. ಎಲ್ಲ ಒಂದೇ ಅಲ್ಲ.

ಶೋಕಿ ಅಂದರೆ ಸ್ವಲ್ಪ ಮೆದು. "ಶೋಕಿ ಮಾಡ್ತಾನೆ" ಅಂದರೆ ವಯಸ್ಸಿನ ಹುಡುಗ, ಕೂದಲು ಬಾಚಿ, ಕನ್ನಡಕ ಹಾಕಿ, ಬೈಕು ತೊಳೆದು ಓಡಾಡುತ್ತಾನೆ ಅಂತ. ಬೈದ ಹಾಗೂ ಇರುತ್ತೆ, ಮುದ್ದು ಮಾಡಿದ ಹಾಗೂ ಇರುತ್ತೆ. ನಮ್ಮಜ್ಜಿ ನನ್ನನ್ನೇ "ಶೋಕಿಲಾಲ" ಅನ್ನುತ್ತಿದ್ದರು.

ಬಿಲ್ಡಪ್ಪು, ಸ್ಕೋಪು, ಡವ್, ಇವೆಲ್ಲ ಕಾಲೇಜು ಹುಡುಗರ ಮಾತು. "ಬಿಲ್ಡಪ್ ಕೊಡಬೇಡ", "ಸ್ಕೋಪ್ ತಗೋಬೇಡ", "ಡವ್ ಮಾಡಬೇಡ". ಇಲ್ಲಿ ಒಡವೆ ಇರಲೇಬೇಕು ಅಂತಿಲ್ಲ. ಬರೀ ಮಾತಲ್ಲೂ ಬಿಲ್ಡಪ್ ಕೊಡಬಹುದು.

ಗತ್ತು ಅಂದರೆ ಹೊಗಳಿಕೆ. ದುಡ್ಡು ಇಲ್ಲದವನಿಗೂ ಗತ್ತು ಇರಬಹುದು. ಹಳೇ ಪಂಚೆ ಉಟ್ಟು ಕೆರೆ ಏರಿ ಮೇಲೆ ನಡೆದು ಬರುವ ಮುದುಕನಿಗೂ ಗತ್ತು ಇರುತ್ತೆ.

ಡೌಲು ಮಾತ್ರ ಚುಚ್ಚು ಮಾತು. ಇಲ್ಲದ್ದನ್ನು ಇದೆ ಅಂತ ತೋರಿಸುತ್ತಾನೆ, ಅಥವಾ ನಿನ್ನೆ ಬಂದದ್ದನ್ನು ಅಜ್ಜನ ಕಾಲದಿಂದ ಇತ್ತು ಅನ್ನುವ ಹಾಗೆ ಆಡುತ್ತಾನೆ ಅಂತ ಅರ್ಥ. ನಿಮ್ಮ ಅತ್ತಿಗೆಗೆ ಆ ಪದ ಎಸೆದದ್ದು ತಪ್ಪು.

ಹಳೇ ಪುಸ್ತಕ

ಹೈದ ಹೇಳಿದ ಮಟ್ಟ ಸರಿಯಾಗಿದೆ. ನಾನು ಪದಗಳ ಊರು ಎಲ್ಲಿ ಅಂತ ಹೇಳುತ್ತೇನೆ.

ಡೌಲು ಹಿಂದೂಸ್ತಾನಿಯಿಂದ ಬಂದದ್ದು. ಅಲ್ಲಿ ಡೌಲ್ ಅಂದರೆ ಆಕಾರ, ರೂಪ. ಅಷ್ಟೇ. ಬೈಗುಳದ ವಾಸನೆಯೂ ಇಲ್ಲ. ನಮ್ಮ ಕಡೆ ಬಂದ ಮೇಲೆ "ಬರೀ ರೂಪ, ಒಳಗೆ ಏನಿಲ್ಲ" ಅನ್ನುವ ಕಡೆ ವಾಲಿತು. ದೌಲತ್ತು ಬೇರೆ ಪದ. ಅರಬ್ಬಿಯ ದೌಲತ್, ಅಂದರೆ ಸಂಪತ್ತು, ಆಳ್ವಿಕೆ. ನಮ್ಮ ಬಾಯಲ್ಲಿ ದೌಲತ್ತು ಅಂದರೆ ದರ್ಪ. ಶೋಕಿಯೂ ಅರಬ್ಬಿಯ ಶೌಕ್. ಅದರ ಮೂಲ ಅರ್ಥ ಆಸೆ. ಧಿಮಾಕು ಅಂದರೆ ದಿಮಾಗ್, ಮೆದುಳು. ಮೆದುಳು ನಮ್ಮಲ್ಲಿ ಕೊಬ್ಬು ಆಯಿತು!

ಈ ನಾಲ್ಕನ್ನೂ ಪಕ್ಕಪಕ್ಕ ಇಟ್ಟು ನೋಡಿ. ರೂಪ, ಸಂಪತ್ತು, ಆಸೆ, ಬುದ್ಧಿ. ಮೂಲದಲ್ಲಿ ನಾಲ್ಕೂ ಒಳ್ಳೆಯ ಪದಗಳೇ. ಆಡಳಿತ ಮಾಡುವವರ ಜೊತೆ ಬಂದ ಮಾತುಗಳು. ಕೆಳಗೆ ನಿಂತು ನೋಡುತ್ತಿದ್ದ ಜನ ಅವನ್ನು ತಿರುಗಿಸಿ ಹಿಡಿದರು ಅಂತ ನನಗೆ ಅನ್ನಿಸುತ್ತದೆ.

ಇನ್ನೊಂದು, ಆಡಂಬರ. ಸಂಸ್ಕೃತದಲ್ಲಿ ಅದು ಒಂದು ಬಗೆಯ ನಗಾರಿಯ ಹೆಸರು. ಸದ್ದು ಮಾಡುವ ವಾದ್ಯ. ಕಣ್ಣಿಗೆ ಕಾಣುವ ಮೆರೆತಕ್ಕೆ ಕಿವಿಗೆ ಕೇಳುವ ಹೆಸರು ಬಂದಿದೆ.

ಒರೆಗಲ್ಲು

ನಾವು ಮಂಡ್ಯದಲ್ಲಿ ಮೂರು ತಲೆಮಾರಿನಿಂದ ಚಿನ್ನದ ಕೆಲಸ ಮಾಡುವವರು. ಅಂಗಡಿ ಹೆಸರು ಹೇಳುವುದಿಲ್ಲ. ನಮ್ಮ ಕಡೆಯ ಪದಗಳನ್ನು ಕೊಡುತ್ತೇನೆ.

ಗಿಲೀಟು. ಮೇಲೆ ಮಾತ್ರ ಚಿನ್ನ, ಒಳಗೆ ತಾಮ್ರವೋ ಹಿತ್ತಾಳೆಯೋ. ಇಂಗ್ಲಿಷಿನ ಗಿಲ್ಟ್ ನಮ್ಮ ಬಾಯಲ್ಲಿ ಹೀಗಾಗಿದೆ. ರೋಲ್ಡ್ ಗೋಲ್ಡು, ಕವರಿಂಗು, ಒಂದು ಗ್ರಾಂ ಗೋಲ್ಡು, ಎಲ್ಲ ಅದರ ಅಕ್ಕತಂಗಿಯರು. ಆಮೇಲೆ ಅದೇ ಪದ ಮನುಷ್ಯರಿಗೂ ಬಂತು. "ಅವನ ಮಾತೆಲ್ಲ ಗಿಲೀಟು" ಅಂತಾರೆ.

ಕಾಗೆ ಬಂಗಾರ. ಕಲ್ಲಿನಲ್ಲಿ ಹೊಳೆಯುವ ಅಭ್ರಕ. ಚಿನ್ನ ಅಂತ ಮಕ್ಕಳು ಜೇಬಿಗೆ ಹಾಕಿಕೊಂಡು ಬರುತ್ತವಲ್ಲ, ಅದು.

ಗಟ್ಟಿ ಒಡವೆ, ಪೊಳ್ಳು ಒಡವೆ. ಇದು ಹೊರಗಿನವರಿಗೆ ಅಷ್ಟಾಗಿ ಗೊತ್ತಿರುವುದಿಲ್ಲ. ದಪ್ಪ ಗುಂಡಿನ ಸರ ನೋಡಿ ಬಾಯಿ ಬಿಡುತ್ತೀರಿ. ಆ ಗುಂಡು ಒಳಗೆ ಪೊಳ್ಳು, ಅದರಲ್ಲಿ ಅರಗು ತುಂಬಿರುತ್ತದೆ. ನೋಡಲು ದೊಡ್ಡದು, ತೂಕ ಕಮ್ಮಿ. ಇದು ಮೋಸ ಅಲ್ಲ. ಬಡವರ ಮನೆಯ ಮಗಳ ಕತ್ತೂ ತುಂಬಿ ಕಾಣಲಿ ಅಂತ ನಮ್ಮ ಹಿರಿಯರು ಕಂಡುಕೊಂಡ ದಾರಿ. ಆದರೆ ಕೊಡುವಾಗ ಅರಗಿನ ತೂಕ ಕಳೆದು ಹೇಳಬೇಕು. ಹೇಳದಿದ್ದರೆ ಮಾತ್ರ ಮೋಸ.

"ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ" ಅನ್ನುವ ಗಾದೆ ಕೇಳಿಕೊಂಡೇ ಬೆಳೆದವನು ನಾನು. ಅದು ಈಗಲೂ ನೋಯಿಸುತ್ತದೆ. 1963ರಲ್ಲಿ ಚಿನ್ನದ ನಿಯಂತ್ರಣ ಬಂತು. 14 ಕ್ಯಾರೆಟ್‌ಗಿಂತ ಹೆಚ್ಚಿನ ಚಿನ್ನದಲ್ಲಿ ಒಡವೆ ಮಾಡುವ ಹಾಗಿಲ್ಲ ಅಂದರು. ದೇಶದ ತುಂಬ ಅಕ್ಕಸಾಲಿಗರ ಕೆಲಸ ಹೋಯಿತು. ನಮ್ಮ ತಾತ ಕುಲುಮೆ ಆರಿಸಿ ಸಕ್ಕರೆ ಕಾರ್ಖಾನೆ ಕಡೆ ಕೂಲಿ ಹುಡುಕಿಕೊಂಡು ಹೋದರು ಅಂತ ಅಪ್ಪ ಹೇಳುತ್ತಿದ್ದರು. ಆ ಕಾಲದಲ್ಲಿ ನಮ್ಮ ಅಜ್ಜಿ ಕತ್ತಲ್ಲಿ ಕರಿಮಣಿ ಬಿಟ್ಟರೆ ಏನೂ ಇರಲಿಲ್ಲ. ಆಗ ಕೆಲವರು "ಅಕ್ಕಸಾಲಿ ಹೆಂಡತಿಗೆ ಒಡವೆ ಇಲ್ಲ" ಅಂತ ನಕ್ಕರಂತೆ. ಹಾಕಿದರೂ ಮಾತು, ಹಾಕದಿದ್ದರೂ ಮಾತು.

ಕೆರೆ ಏರಿ

ಒರೆಗಲ್ಲು ಅಣ್ಣ, ಅರಗಿನ ವಿಷಯ ನನಗೆ ಗೊತ್ತೇ ಇರಲಿಲ್ಲ. ಬರೆದುಕೊಂಡೆ. ನಿಮ್ಮ ಅಜ್ಜಿಯ ಮಾತನ್ನೂ ಬರೆದುಕೊಂಡೆ.

ಗಂಡಸರ ಬಗ್ಗೆ ಯಾರೂ ಹೇಳಲಿಲ್ಲ. ಅವರು ಹಾಕುವುದಿಲ್ಲವಾ?

ಮಳವಳ್ಳಿ ಹೈದ

ಹಾಕುತ್ತಾರೆ ಅಕ್ಕ, ಈಗಂತೂ ಹೆಂಗಸರಿಗಿಂತ ಜಾಸ್ತಿ. ನಮ್ಮ ತಾತನ ಕಾಲದಲ್ಲಿ ಗಂಡಸರಿಗೆ ಕಿವಿಗೆ ಒಂಟಿ, ಸೊಂಟಕ್ಕೆ ಬೆಳ್ಳಿ ಉಡಿದಾರ, ಕೈಗೆ ಕಡಗ ಇರುತ್ತಿತ್ತು. ಅದನ್ನು ಯಾರೂ ಶೋಕಿ ಅನ್ನುತ್ತಿರಲಿಲ್ಲ. ಈಗ ಬೆರಳಿಗೊಂದು ಉಂಗುರ, ಕತ್ತಿಗೆ ಹಗ್ಗದಂಥ ಚೈನು. ಅಂಗಿಯ ಮೇಲಿನ ಎರಡು ಗುಂಡಿ ಹಾಕುವುದೇ ಇಲ್ಲ, ಚೈನು ಕಾಣಬೇಕಲ್ಲ. ಹುಡುಗರು ಅದಕ್ಕೆ "ನಾಯಿ ಚೈನು" ಅಂತಾರೆ. ಹಿಂದೆ ನಿಂತು ಅಂತಾರೆ, ಎದುರಿಗೆ "ಅಣ್ಣ" ಅಂತಾರೆ. ಆ ಚೈನು ಹಾಕಿದವನೇ ಊರ ಹಬ್ಬಕ್ಕೆ ದುಡ್ಡು ಕೊಡುವವನು. ಅದಕ್ಕೆ.

ಇನ್ನು ಒಡವೆ ಬಿಟ್ಟು ಬೇರೆ ಮೆರೆತ ನೋಡಬೇಕಾದರೆ ಮಂಡ್ಯಕ್ಕೆ ಬನ್ನಿ. ರಾಜಕೀಯದವರು ಬಂದರೆ ಕ್ರೇನಿನಲ್ಲಿ ಸೇಬಿನ ಹಾರ ಎತ್ತುತ್ತಾರೆ. ಜೆಸಿಬಿ ಬಾಯಿಂದ ಹೂವು ಸುರಿಯುತ್ತಾರೆ. ಹುಟ್ಟುಹಬ್ಬಕ್ಕೆ ಸರ್ಕಲ್ ತುಂಬ ಫ್ಲೆಕ್ಸು. ಆ ಸೇಬಿಗೆ ಆಮೇಲೆ ಜನ ಮುಗಿಬೀಳುವುದನ್ನು ನೋಡಿದರೆ ನನಗೆ ಸಂಕಟ ಆಗುತ್ತದೆ. ಇದಕ್ಕೆ ಡೌಲು ಅಂದವರನ್ನು ನಾನು ಕಂಡಿಲ್ಲ. "ಅಭಿಮಾನ" ಅಂತಾರೆ.

ಅಗ್ರಹಾರದ ಓದುಗ

ಒಂದು ಹೋಲಿಕೆ ನೆನಪಾಯಿತು. ಇಂಗ್ಲಿಷಿನಲ್ಲಿ ಈಗ ಇಂಥ ಒಡವೆಗೆ ಬ್ಲಿಂಗ್ ಅಂತಾರೆ. 1999ರಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ಊರಿನ ಕಪ್ಪು ಜನರ ರ್‍ಯಾಪ್ ಹಾಡೊಂದರಿಂದ ಅದು ಎಲ್ಲ ಕಡೆ ಹರಡಿತು. 2003ರ ಹೊತ್ತಿಗೆ ಆಕ್ಸ್‌ಫರ್ಡ್ ನಿಘಂಟಿಗೇ ಸೇರಿತು. ವಜ್ರಕ್ಕೆ ಬೆಳಕು ತಾಕಿದಾಗ ಸದ್ದು ಬಂದರೆ ಹೇಗಿರಬಹುದು, ಅದೇ ಆ ಪದ.

ಇದು ಕೇಳಿದಾಗ ನನಗೆ ಖುಷಿ ಆಯಿತು. ಈ ಕೆಲಸ ಕನ್ನಡ ಎಷ್ಟು ಹಿಂದಿನಿಂದ ಮಾಡಿಕೊಂಡು ಬಂದಿದೆ ಅಲ್ವಾ! ಥಳಥಳ, ಫಳಫಳ, ಮಿರಮಿರ, ಲಕಲಕ, ಝಗಝಗ. ಬೆಳಕಿಗೆ ಸದ್ದು ಕೊಟ್ಟ ಪದಗಳು. ಅದರಲ್ಲೂ ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ತಿಕ್ಕಿದ ಹಿತ್ತಾಳೆ ಬಿಂದಿಗೆ ಫಳಫಳ. ರೇಷ್ಮೆ ಸೀರೆ ಮಿರಮಿರ. ದಸರಾ ದೀಪ ಝಗಮಗ. ಮೈತುಂಬ ಒಡವೆ ಹಾಕಿದ ಮದುಮಗಳು ಲಕಲಕ. ಈ ಪದಗಳಲ್ಲಿ ಹೊಟ್ಟೆಕಿಚ್ಚು ಇಲ್ಲ. ನೋಡಿದವರ ಕಣ್ಣು ಅರಳಿದ್ದು ಮಾತ್ರ ಇದೆ.

ಕನ್ನಡದಲ್ಲಿ ಹೊಳಪಿಗೆ ಎರಡು ಬಗೆಯ ಮಾತಿದೆ ಅನ್ನಿಸುತ್ತದೆ. ಕಣ್ಣಿನ ಮಾತು ಒಂದು, ನಾಲಿಗೆಯ ಮಾತು ಒಂದು. ಲಕಲಕ ಅನ್ನುವುದು ಕಣ್ಣು. ಡೌಲು ಅನ್ನುವುದು ನಾಲಿಗೆ. ಥಳುಕು ಮಾತ್ರ ಎರಡರ ನಡುವೆ ಸಿಕ್ಕಿಕೊಂಡಿದೆ. "ಮೇಲೆ ಥಳುಕು, ಒಳಗೆ ಹುಳುಕು" ಅಂತ ಗಾದೆ ಮಾಡಿ ಅದನ್ನೂ ಕೆಡಿಸಿದ್ದೇವೆ.

ಕಿಕ್ಕೇರಿ ರೈತ

ಎಲ್ಲ ಓದಿದೆ. ನನ್ನದು ಬೇರೆ ಮಾತು. ಬೇಜಾರು ಮಾಡಿಕೊಳ್ಳಬೇಡಿ.

ಡೌಲು ಅನ್ನುವ ಪದವನ್ನು ನೀವೆಲ್ಲ ಸೇರಿ ಕೆಟ್ಟದ್ದು ಮಾಡುತ್ತಿದ್ದೀರಿ. ಆ ಪದ ಬೇಕು. ಅದು ನಮ್ಮಂಥವರಿಗೆ ಕಟ್ಟೆ ಇದ್ದ ಹಾಗೆ. ನಾನು ದೊಡ್ಡ ಮಗಳ ಮದುವೆ ಮಾಡಿದಾಗ ನನಗೆ ಯಾರೂ "ಡೌಲು ಬೇಡ ಕಣಯ್ಯ" ಅನ್ನಲಿಲ್ಲ. ಎಲ್ಲರೂ "ನಿಂಗೇನ್ ಕಮ್ಮಿ, ಮಾಡು" ಅಂದರು. ಮಾಡಿದೆ. ಚೌಲ್ಟ್ರಿ, ಆರ್ಕೆಸ್ಟ್ರಾ, ಎರಡು ಸಾವಿರ ಜನಕ್ಕೆ ಬಾಡೂಟ. ಬೀಗರು ಕೇಳಿದ್ದಕ್ಕಿಂತ ಹೆಚ್ಚು ಒಡವೆ ಹಾಕಿದೆ. ಕೇಳದೇ ಇದ್ದರೂ ಹಾಕಿದೆ, ಜನ ನೋಡಲಿ ಅಂತ.

ಆ ವರ್ಷ ಕಬ್ಬಿನ ಬಿಲ್ಲು ಸಕಾಲಕ್ಕೆ ಬರಲಿಲ್ಲ. ಕಬ್ಬು ಕೊಟ್ಟ 14 ದಿನದೊಳಗೆ ದುಡ್ಡು ಕೊಡಬೇಕು ಅಂತ 1966ರ ಸರ್ಕಾರಿ ಆದೇಶದಲ್ಲೇ ಇದೆ. ನನಗೆ ಬಂದದ್ದು ಏಳು ತಿಂಗಳಾದ ಮೇಲೆ. ಅಷ್ಟರಲ್ಲಿ ಹೆಂಡತಿಯ ಒಡವೆ ಅಡ ಇಟ್ಟಿದ್ದೆ. ಬಡ್ಡಿ ಕಟ್ಟಲು ಆಗಲಿಲ್ಲ. ನೋಟಿಸು ಬಂತು, ಹರಾಜಾಯಿತು. ಅವಳ ತಾಯಿ ಕೊಟ್ಟ ಬುಗುಡಿ ಅದರಲ್ಲಿ ಹೋಯಿತು. ಬುಗುಡಿ ಹಾಕುವ ತೂತು ಅವಳ ಕಿವಿಯಲ್ಲಿ ಈಗಲೂ ಇದೆ. ದಿನಾ ನೋಡುತ್ತೇನೆ.

"ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು" ಅಂತ ನಮ್ಮ ಹಿರಿಯರು ಸುಮ್ನೆ ಹೇಳಲಿಲ್ಲ. ಅವತ್ತು ಯಾರಾದರೂ ನನ್ನ ಮುಖಕ್ಕೆ ಡೌಲು ಅಂದಿದ್ದರೆ ನಾನು ನಿಲ್ಲಿಸುತ್ತಿದ್ದೆ. ಚಿಕ್ಕ ಮಗಳ ಮದುವೆಯನ್ನು ದೇವಸ್ಥಾನದಲ್ಲಿ ಮಾಡಿದೆ. ನೂರು ಜನ. ಅವಳೂ ಚೆನ್ನಾಗಿದ್ದಾಳೆ.

ಕೆರೆ ಏರಿ

ಅಣ್ಣ, ನಿಮ್ಮ ಮಾತು ಓದಿ ತುಂಬ ಹೊತ್ತು ಸುಮ್ಮನೆ ಕೂತಿದ್ದೆ. ಬುಗುಡಿಯ ವಿಷಯಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ನೀವು ಹೇಳಿದ್ದರಲ್ಲೇ ಒಂದು ಎಳೆ ಹಿಡಿದು ಹೇಳುತ್ತೇನೆ. ನಿಮ್ಮ ಮುಖಕ್ಕೆ ಯಾರೂ ಡೌಲು ಅನ್ನಲಿಲ್ಲ. ಪದ ಬೇಕಾದ ಹೊತ್ತಿಗೆ, ಬೇಕಾದ ಜಾಗದಲ್ಲಿ ಬರಲಿಲ್ಲ. ಹಿಂದಿನಿಂದ ಅಂದಿರುತ್ತಾರೆ. ನಮ್ಮ ಅತ್ತಿಗೆಯ ಬೆನ್ನ ಹಿಂದೆ ಅಂದ ಹಾಗೆ. ಪ್ರೀತಿ ಇದ್ದವರು ಎದುರಿಗೆ ಹೇಳಿದರೆ ಅದು ಬುದ್ಧಿಮಾತು. ಹಿಂದೆ ಕೂತು ಹೇಳಿದರೆ ಬರೀ ಚುಚ್ಚು. ನೋಟ್‌ಬುಕ್ಕಿನಲ್ಲಿ ಡೌಲು ಅನ್ನುವುದಕ್ಕೆ ಈಗ ಎರಡು ಸಾಲು ಬರೆದಿದ್ದೇನೆ. ಒಂದು ಎದುರಿಗೆ, ಒಂದು ಹಿಂದೆ.

ಕಿಕ್ಕೇರಿ ರೈತ

ಅದು ಒಪ್ಪುವ ಮಾತು ತಾಯಿ. ಬರೆದುಕೊಳ್ಳಿ.

ಸರಸ್ವತಿಪುರಂ

ನಾನು ಡಿಗ್ರಿ ಓದುತ್ತಿದ್ದೇನೆ. ಗಿಲೀಟು ಅನ್ನುವ ಪದದ ಬಗ್ಗೆ ಒಂದು ಮಾತು.

ನಾನು ಹಾಕುವುದೆಲ್ಲ ಒಂದು ಗ್ರಾಂ ಗೋಲ್ಡೇ. ದೇವರಾಜ ಮಾರುಕಟ್ಟೆ ಹತ್ತಿರ ತೆಗೆದುಕೊಳ್ಳುತ್ತೇನೆ. ಚೆನ್ನಾಗಿರುತ್ತೆ, ಕಳೆದರೆ ಪ್ರಾಣ ಹೋಗುವುದಿಲ್ಲ, ರಾತ್ರಿ ಬಸ್ಸಿನಲ್ಲಿ ಭಯ ಇಲ್ಲ. ನಾನು ಯಾರಿಗೂ ಇದು ಚಿನ್ನ ಅಂತ ಹೇಳಿಲ್ಲ. ಆದರೂ ಸಂಬಂಧಿಕರು ಕೈ ಹಿಡಿದು ಬಳೆ ತಿರುಗಿಸಿ ನೋಡುತ್ತಾರೆ. "ಗಿಲೀಟಾ?" ಅಂತಾರೆ. ಆ ತಿರುಗಿಸಿ ನೋಡುವುದು ತುಂಬ ಅವಮಾನ. ನನಗೆ ಬಳೆ ಇಷ್ಟ, ಅದಕ್ಕೆ ಹಾಕಿದ್ದೇನೆ. ಇಷ್ಟು ಸಾಲದಾ?

ಒರೆಗಲ್ಲು

ಸಾಕಮ್ಮ, ಸಾಕು. ಆ ಕೆಲಸ ಮಾಡುವವನೇ ಹೇಳುತ್ತಿದ್ದೇನೆ.

ಮುಂದಿನ ಸಲ ಯಾರಾದರೂ ಬಳೆ ತಿರುಗಿಸಿದರೆ ಅವರಿಗೆ ಹೀಗೆ ಹೇಳು. ದಸರಾದಲ್ಲಿ ತಾಯಿ ಚಾಮುಂಡಿ ಕೂರುವ ಅಂಬಾರಿ ಇದೆಯಲ್ಲ, ಸುಮಾರು 750 ಕೆ.ಜಿ. ತೂಕದ್ದು, ಅದರ ಒಳಗಿರುವುದು ಮರ. ಮರದ ಮಂಟಪದ ಮೇಲೆ ಚಿನ್ನದ ತಗಡು ಹೊದಿಸಿದ್ದಾರೆ. ಮೈಸೂರು ಸಿಲ್ಕ್ ಸೀರೆಯ ಅಸಲಿ ಜರಿ ಅಂತಾರಲ್ಲ, ಅದೂ ಬೆಳ್ಳಿ ಎಳೆಗೆ ಚಿನ್ನದ ಲೇಪ. ಆ ಸೀರೆ ನೇಯುವ ಸರ್ಕಾರಿ ಸಂಸ್ಥೆ ಕೆಎಸ್‌ಐಸಿಯವರೇ ಹೇಳುವ ಲೆಕ್ಕದಲ್ಲಿ ಬೆಳ್ಳಿ 65 ಪರ್ಸೆಂಟು, ಚಿನ್ನ 0.65 ಪರ್ಸೆಂಟು. ಮೇಲೆ ಚಿನ್ನ ಹೊದಿಸುವುದು ದೊಡ್ಡ ವಿದ್ಯೆ. ಅದನ್ನು ಕಲಿಯಲು ವರ್ಷಗಟ್ಟಲೆ ಬೇಕು. ಅರಮನೆಗೆ ಮಾಡಿದರೆ ಕಲೆ, ನಿನ್ನ ಕೈಗೆ ಮಾಡಿದರೆ ಗಿಲೀಟು ಅನ್ನುವುದು ನ್ಯಾಯ ಅಲ್ಲ.

ಅಂಗಡಿಯವರು ಗಿಲೀಟನ್ನು ಚಿನ್ನ ಅಂತ ಮಾರಿದರೆ ಮಾತ್ರ ಜಗಳ ಮಾಡು. ಗಟ್ಟಿ ಚಿನ್ನ ಕೊಳ್ಳುವಾಗ 916 ಅಂತ ಹೇಳಿದರೆ ಸಾಲದು. ನೂರಕ್ಕೆ 91.6 ಭಾಗ ಚಿನ್ನ, ಅಂದರೆ 22 ಕ್ಯಾರೆಟ್ ಅಂತ ಅದರ ಅರ್ಥ. ಜೊತೆಗೆ ಎಚ್‌ಯುಐಡಿ, ಅಂದರೆ ಒಂದೊಂದು ಒಡವೆಗೂ ಬೇರೆ ಬೇರೆಯಾಗಿ ಕೊಡುವ ಆರು ಅಕ್ಷರ-ಅಂಕಿಯ ಗುರುತು ಇರಬೇಕು. 2023ರ ಏಪ್ರಿಲ್ 1ರಿಂದ ಅದು ಇಲ್ಲದ ಹಾಲ್‌ಮಾರ್ಕ್ (ಶುದ್ಧತೆಯ ಮುದ್ರೆ) ಒಡವೆ ಮಾರುವ ಹಾಗಿಲ್ಲ.

ಸರಸ್ವತಿಪುರಂ

ಅಂಬಾರಿ ವಿಷಯ ನೆನಪಿಟ್ಟುಕೊಳ್ಳುತ್ತೇನೆ ಅಂಕಲ್. ಥ್ಯಾಂಕ್ಸ್.

ಮೇಲುಕೋಟೆ ಮೆಟ್ಟಿಲು

ದೇವರ ಒಡವೆ ಮಾತು ಬಂತು, ಅದಕ್ಕೆ ಬರೆಯುತ್ತಿದ್ದೇನೆ. ನಮ್ಮೂರಿನ ವೈರಮುಡಿ ನಿಮಗೆ ಗೊತ್ತು. ವಜ್ರದ ಕಿರೀಟ. ವರ್ಷವೆಲ್ಲ ಮಂಡ್ಯದ ಖಜಾನೆಯಲ್ಲಿ ಇರುತ್ತದೆ. ಉತ್ಸವದ ದಿನ ಪೊಲೀಸು ಕಾವಲಿನಲ್ಲಿ ಊರೂರು ದಾಟಿ ಬರುತ್ತದೆ. ದಾರಿಯಲ್ಲಿ ಜನ ನಿಂತು ಪೂಜೆ ಮಾಡುತ್ತಾರೆ. ಹಗಲ ಬೆಳಕು ತಾಕಬಾರದು ಅಂತ ನಂಬಿಕೆ. ಅದಕ್ಕೆ ರಾತ್ರಿಯೇ ಚೆಲುವನಾರಾಯಣ ಸ್ವಾಮಿಗೆ ತೊಡಿಸಿ, ಬೆಳಗಾಗುವ ಮುಂಚೆ ಉತ್ಸವ ಮುಗಿಸುತ್ತಾರೆ. ಜೊತೆಗೆ ರಾಜಮುಡಿಯೂ ಇದೆ. ಅದು ರಾಜ ಒಡೆಯರು ಕೊಟ್ಟದ್ದು.

ನಾನು ಚಿಕ್ಕವನಿದ್ದಾಗಿನಿಂದ ಆ ರಾತ್ರಿ ಮೆಟ್ಟಿಲ ಮೇಲೆ ಕೂತು ನೋಡಿದ್ದೇನೆ. ಕಿರೀಟದ ಹರಳಿಗೆ ದೀವಟಿಗೆ ಬೆಳಕು ಬಿದ್ದಾಗ ಸಾವಿರಾರು ಜನ ಒಂದೇ ಸಲ ಗೋವಿಂದ ಅನ್ನುತ್ತಾರೆ. ಅಗ್ರಹಾರದವರು ಹೇಳಿದ ಕಣ್ಣಿನ ಮಾತು ಅಂದರೆ ಅದೇ ಇರಬೇಕು.

ಅದೇ ರಾಜ ಒಡೆಯರ ಕಾಲದ ಇನ್ನೊಂದು ಒಡವೆಯ ಕಥೆಯೂ ನಮ್ಮ ಸೀಮೆಯಲ್ಲಿದೆ. 1610ರಲ್ಲಿ ಶ್ರೀರಂಗಪಟ್ಟಣ ಮೈಸೂರಿನ ಕೈಗೆ ಬಂತು. ಅಲ್ಲಿದ್ದ ವಿಜಯನಗರದ ಪ್ರತಿನಿಧಿಯ ಹೆಂಡತಿ ಅಲಮೇಲಮ್ಮ. ಆಕೆಯ ಒಡವೆಗಳನ್ನು ಮಂಗಳವಾರ, ಶುಕ್ರವಾರ ರಂಗನಾಯಕಿ ಅಮ್ಮನವರಿಗೆ ತೊಡಿಸುತ್ತಿದ್ದರು ಅಂತ ಐತಿಹ್ಯ. ಆ ಒಡವೆ ಬೇಕು ಅಂತ ಹೊಸ ದೊರೆಯ ಜನ ಬಂದರು. ಆಕೆ ಮುತ್ತಿನ ಮೂಗುತಿ ಮಾತ್ರ ಕಳಿಸಿ, ಉಳಿದ ಒಡವೆಯ ಸಮೇತ ಮಾಲಂಗಿಯ ಹತ್ತಿರ ಕಾವೇರಿಗೆ ಹಾರಿದಳು. ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ ಅನ್ನುವ ಶಾಪ ನಮ್ಮ ಮನೆಮನೆಯಲ್ಲೂ ಮಕ್ಕಳಿಗೆ ಗೊತ್ತು. ಇಷ್ಟು ವರ್ಷ ಕಥೆ ಹೇಳಿದ ಜನ ಅಲಮೇಲಮ್ಮನಿಗೆ ಒಡವೆಯ ಆಸೆ ಅಂತ ಬೈದದ್ದು ನಾನು ಕೇಳಿಲ್ಲ. ಅವಳ ಒಡವೆ, ಅವಳದ್ದು. ಅಷ್ಟೇ.

ಹಳೇ ಪುಸ್ತಕ

ಮೇಲುಕೋಟೆಯವರೇ, ನೀವು ಗೊತ್ತಿಲ್ಲದೇ ಒಂದು ದೊಡ್ಡ ಮಾತು ಹೇಳಿದಿರಿ. "ಅವಳ ಒಡವೆ, ಅವಳದ್ದು."

ಒಡವೆ ಅನ್ನುವ ಪದಕ್ಕೆ ಮೊದಲಿದ್ದ ಅರ್ಥ ಆಭರಣ ಅಲ್ಲ. ಸ್ವತ್ತು. ತನ್ನದು ಅಂತ ಇರುವ ವಸ್ತು. ಹಳಗನ್ನಡದಲ್ಲಿ ಒಡಮೆ, ಒಡವೆ ಅಂದರೆ ಆಸ್ತಿ, ಹಣ. ತಮಿಳಿನಲ್ಲಿ ಇದರ ಜೊತೆಯ ಪದ ಉಡೈಮೈ. ಅದಕ್ಕೂ ಅದೇ ಅರ್ಥ. ಒಡೆತನ ಇದೇ ಬೇರಿನಿಂದ ಬಂತು. ಒಡೆಯ ಅನ್ನುವುದೂ ಇದೇ ಬೇರಿನಿಂದ. ಮೈಸೂರಿನ ಒಡೆಯರ ಹೆಸರು ಮತ್ತು ನಮ್ಮ ಮನೆಯ ಹೆಂಗಸರ ಕತ್ತಿನ ಒಡವೆ, ಎರಡೂ ಒಂದೇ ತಾಯಿಯ ಮಕ್ಕಳು.

ಇದು ತಿಳಿದ ದಿನ ನನಗೆ ರೋಮಾಂಚನ ಆಗಿತ್ತು.

ಕೋರ್ಟ್ ರಸ್ತೆ

ಹಳೇ ಪುಸ್ತಕ ಅವರು ಹೇಳಿದ್ದಕ್ಕೆ ಕಾನೂನಿನ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. ನಾನು ವಕೀಲೆ.

ಜಮೀನು ಗಂಡಸರ ಹೆಸರಲ್ಲಿ, ಮನೆ ಗಂಡಸರ ಹೆಸರಲ್ಲಿ. ಹೆಣ್ಣಿಗೆ ತನ್ನದು ಅಂತ ಇದ್ದದ್ದು ಸ್ತ್ರೀಧನ ಒಂದೇ. ಅದರಲ್ಲಿ ಮುಖ್ಯವಾದದ್ದು ಒಡವೆ. ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಹೆಣ್ಣುಮಕ್ಕಳ ಹಕ್ಕುಗಳ ಕಾಯ್ದೆ ಮಾಡಿ ಸ್ತ್ರೀಧನ ಯಾವುದು ಅಂತ ಬರೆದಿಟ್ಟಿತು. ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನ ಸಮನಾದ ಪಾಲು ಅಂತ ಕರ್ನಾಟಕ ತಿದ್ದುಪಡಿ ಮಾಡಿದ್ದು 1994ರಲ್ಲಿ. ದೇಶಕ್ಕೆಲ್ಲ ಅದು ಬಂದದ್ದು 2005ರಲ್ಲಿ. ಕಾನೂನು ಬಂದರೂ ಎಷ್ಟೋ ಕಡೆ "ಮದುವೆಗೆ ಒಡವೆ ಹಾಕಿದ್ದೀವಲ್ಲ" ಅಂತ ಹೇಳಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುತ್ತಾರೆ. ವಾರಕ್ಕೊಂದು ಇಂಥದ್ದು ನನ್ನ ಟೇಬಲ್ ಮೇಲೆ ಬರುತ್ತದೆ.

ಹಾಗಾಗಿ ಒಬ್ಬ ಹೆಂಗಸು ತನ್ನ ಒಡವೆಯನ್ನೆಲ್ಲ ಹಾಕಿಕೊಂಡು ನಾಲ್ಕು ಜನರ ಮುಂದೆ ನಿಂತರೆ ನನಗೆ ಅದು ಶೋಕಿಯಾಗಿ ಕಾಣುವುದಿಲ್ಲ. ಅವಳ ಪಹಣಿ ಅದು. ಗಂಡಸು ಗದ್ದೆ ಬದುವಿನ ಮೇಲೆ ನಿಂತು "ಇದೆಲ್ಲ ನಂದೇ" ಅಂತ ಕೈ ತೋರಿಸಿದರೆ ಯಾರಾದರೂ ಡೌಲು ಅಂತಾರಾ?

ಮಳವಳ್ಳಿ ಹೈದ

ಅಕ್ಕ, ಈ ಮಾತನ್ನು ನಮ್ಮಮ್ಮನಿಗೆ ಓದಿ ಹೇಳಿದೆ. "ಇನ್ನೊಂದ್ ಸಲ ಓದು" ಅಂದರು.

ಕಿಕ್ಕೇರಿ ರೈತ

ವಕೀಲರಮ್ಮ ಹೇಳಿದ್ದು ಸರಿ. ಹಾಗೆ ನೋಡಿದರೆ ನಾನು ಹರಾಜಿಗೆ ಬಿಟ್ಟದ್ದು ನನ್ನದಲ್ಲದ ಸ್ವತ್ತು. ಅವಳನ್ನು ಕೇಳಿದ್ದೆ, ಅವಳು ಬಿಚ್ಚಿ ಕೊಟ್ಟಿದ್ದಳು. ಕೇಳಿದ ರೀತಿ ಹೇಗಿತ್ತು ಅಂತ ಈಗ ಯೋಚನೆ ಮಾಡುತ್ತಿದ್ದೇನೆ.

ಕೆರೆ ಏರಿ

ಮೂರು ದಿನ ಆಯಿತು, ಬರೆಯಲು ಆಗಿರಲಿಲ್ಲ. ಇವತ್ತು ಅತ್ತಿಗೆಗೆ ಫೋನ್ ಮಾಡಿದ್ದೆ. ಆ ಹೆಂಗಸು ಅಂದ ಮಾತು ನಾನಾಗಿ ಹೇಳಲಿಲ್ಲ. ಅವರೇ ಎತ್ತಿದರು. ಅವರಿಗೂ ಕೇಳಿಸಿತ್ತಂತೆ.

ವಿಷಯ ಇಷ್ಟು. ಎರಡು ವರ್ಷದ ಹಿಂದೆ ನಮ್ಮಣ್ಣನಿಗೆ ಆಪರೇಷನ್ ಆಯಿತು. ಆಗ ಒಡವೆ ಪೂರ್ತಿ ಗಿರವಿ ಇಟ್ಟಿದ್ದರು. ಎರಡು ವರ್ಷ ಅತ್ತಿಗೆ ಬರಿಗತ್ತಲ್ಲಿ ಅರಿಸಿನ ದಾರ ಕಟ್ಟಿಕೊಂಡು ಓಡಾಡಿದ್ದಾರೆ. ಯಾವ ಮದುವೆಗೂ ಹೋಗಲಿಲ್ಲ. "ಅಡ ಇಟ್ಟು ತಿಂದ್ರು" ಅಂತ ಊರಲ್ಲಿ ಆಡಿಕೊಂಡವರೂ ಇದೇ ಜನ. ಹಸು ಕಟ್ಟಿ, ಡೈರಿಗೆ ಹಾಲು ಹಾಕಿ, ಬಡ್ಡಿ ಕಟ್ಟಿಕೊಂಡು ಬಂದು, ಬೀಗರ ಊಟಕ್ಕೆ ನಾಲ್ಕು ದಿನ ಇದೆ ಅನ್ನುವಾಗ ಕೊನೆಯ ಕಂತು ಕಟ್ಟಿ ಬಿಡಿಸಿಕೊಂಡು ಬಂದಿದ್ದರು. ಒಂದೂ ಕಳೆದಿಲ್ಲ, ಎಲ್ಲ ವಾಪಸ್ಸು ಬಂದಿದೆ ಅಂತ ಊರು ನೋಡಲಿ ಅಂತಲೇ ಅವತ್ತು ಅಷ್ಟನ್ನೂ ಹಾಕಿಕೊಂಡದ್ದು. "ತೋರಿಸ್ಬೇಕು ಅಂತ್ಲೇ ಹಾಕ್ಕೊಂಡೆ ಕಣಮ್ಮ, ಸುಳ್ಳು ಹೇಳಲ್ಲ" ಅಂದರು.

ಇದಕ್ಕೆ ಏನು ಪದ? ನೋಟ್‌ಬುಕ್ಕಿನಲ್ಲಿ ಶೋಕಿ, ಡೌಲು, ಥಳುಕು, ಗತ್ತು ಎಲ್ಲ ಇದೆ. ಇದಕ್ಕೆ ಒಂದೂ ಇಲ್ಲ.

ಮಳವಳ್ಳಿ ಹೈದ

ನಮ್ಮಮ್ಮನನ್ನು ಕೇಳಿದೆ. ಗಿರವಿಯಿಂದ ಬಿಡಿಸಿಕೊಂಡು ಬಂದ ದಿನ ನಮ್ಮ ಮನೆಯಲ್ಲಿ ಒಡವೆಯನ್ನು ದೇವರ ಮುಂದೆ ಇಟ್ಟು, ಕುಂಕುಮ ಹಚ್ಚಿ, ಆಮೇಲೆ ಹಾಕಿಕೊಳ್ಳುತ್ತಾರೆ. ಅಮ್ಮ ಅದಕ್ಕೆ "ಒಡವೆ ಮನೆಗೆ ಬಂತು" ಅಂತಾರೆ. ಮಗಳು ತವರಿಗೆ ಬಂದಳು ಅನ್ನುವ ಹಾಗೆ. ಒಂದೇ ಪದ ಅಲ್ಲ, ಆದರೂ ಬರೆದುಕೊಳ್ಳಿ.

ಕೆರೆ ಏರಿ

ಬರೆದುಕೊಂಡೆ. ಅಮ್ಮನಿಗೆ ನನ್ನ ನಮಸ್ಕಾರ ಹೇಳಪ್ಪ.

ಒರೆಗಲ್ಲು

ಟೀಚರಮ್ಮ, ಅತ್ತಿಗೆಗೆ ಒಂದು ಮಾತು ತಿಳಿಸಿ. ಗಿರವಿಗೆ ತೆಗೆದುಕೊಳ್ಳುವಾಗ ಒರೆ ಹಚ್ಚಿ ನೋಡುತ್ತಾರೆ. ಕಾಣದ ಜಾಗ ಅಂತ ಕೊಂಡಿಯ ಹತ್ತಿರವೇ ಉಜ್ಜುವುದು ಜಾಸ್ತಿ. ಅಡ್ಡಿಕೆ, ಕಾಸಿನ ಸರದ ಕೊಂಡಿ ಸವೆದಿದೆಯಾ ಅಂತ ಬೆಳಕಿನಲ್ಲಿ ಹಿಡಿದು ನೋಡಿಕೊಳ್ಳಲಿ. ಸವೆದಿದ್ದರೆ ಹಾಕಿಕೊಂಡು ಹೊರಗೆ ಹೋಗುವ ಮುಂಚೆ ಯಾರಾದರೂ ಗೊತ್ತಿರುವ ಆಚಾರಿಯ ಹತ್ತಿರ ಬೆಸುಗೆ ಹಾಕಿಸಲಿ. ಮಂಡ್ಯ ಕಡೆ ಬಂದರೆ ನನ್ನ ಹತ್ತಿರವೇ ತರಲಿ, ಅರ್ಧ ಗಂಟೆ ಕೆಲಸ. ಕೂಲಿ ಬೇಡ.